ವಾಷಿಂಗ್ ಮೆಷಿನ್: ಮನೆಯಲ್ಲಿ ನೀವೇ ಕೂರಿಸುವ ಮುನ್ನ



ನಾಲ್ಕು ಹಸು ಕಟ್ಟಿದ ಮನೆಯಲ್ಲಿ ಬಟ್ಟೆಯ ರಾಶಿ ಎಷ್ಟಿರುತ್ತದೆಂದು ಒಗೆಯುವವರಿಗೇ ಗೊತ್ತು. ಬೆಳಗಿನ ಜಾವ ಎದ್ದು ಸಗಣಿ ಬಾಚಿ, ಹಾಲು ಕರೆದು, ಸಂಘಕ್ಕೆ ಹಾಕಿ ಬರುವ ಹೊತ್ತಿಗೆ ಒಂದು ಜೊತೆ ಬಟ್ಟೆ ಹಾಳಾಗಿರುತ್ತದೆ. ಸಂಜೆ ಮತ್ತೊಂದು ಜೊತೆ. ಇದರ ಮೇಲೆ ಮಕ್ಕಳ ಶಾಲೆಯ ಸಮವಸ್ತ್ರ, ಕೆಚ್ಚಲು ಒರೆಸುವ ಬಟ್ಟೆ. ಆದ್ದರಿಂದ ಹಾಲಿನ ಬಟವಾಡೆಯಲ್ಲಿ ಅಷ್ಟಿಷ್ಟು ಉಳಿಸಿ ವಾಷಿಂಗ್ ಮೆಷಿನ್ ತರುವ ಸದಸ್ಯರನ್ನು ಕಂಡರೆ ನಮಗೆ ಸಂತೋಷವೇ. ಒಗೆಯುವ ಕಲ್ಲಿನ ಮುಂದೆ ಬಗ್ಗಿ ಬಗ್ಗಿ ಸೊಂಟ ಹಿಡಿದ ತಾಯಂದಿರಿಗೆ ಇದು ಆಡಂಬರದ ವಸ್ತುವಲ್ಲ.

ಆದರೆ ಪೆಟ್ಟಿಗೆ ಮನೆ ಬಾಗಿಲಿಗೆ ಬಂದ ಮೇಲೆ ಏನು? ಪಟ್ಟಣದಲ್ಲಾದರೆ ಕಂಪೆನಿಯ ಮೆಕ್ಯಾನಿಕ್ ಮರುದಿನ ಬರುತ್ತಾನೆ. ಹಳ್ಳಿಗೆ ಬರಲು ಕೆಲವೊಮ್ಮೆ ವಾರ ಹಿಡಿಯುತ್ತದೆ. ಅಷ್ಟರಲ್ಲಿ ಮನೆಯ ಹುಡುಗರು ಪ್ಲಗ್ ಚುಚ್ಚಿ ಗುಂಡಿ ಒತ್ತಿಯೇ ಬಿಡುತ್ತಾರೆ. ಯಂತ್ರವನ್ನು ಕೂರಿಸುವುದು ಬಹಳ ಕಷ್ಟದ ಕೆಲಸವೇನಲ್ಲ. ಒಂದು ಸ್ಪ್ಯಾನರ್, ಒಂದು ಮಟ್ಟಗೋಲು, ಇಬ್ಬರು ಗಟ್ಟಿ ಆಳುಗಳಿದ್ದರೆ ಅರ್ಧ ದಿನದಲ್ಲಿ ಮುಗಿಯುತ್ತದೆ. ಆದರೆ ನೀರು ಮತ್ತು ಕರೆಂಟು ಒಂದೇ ಡಬ್ಬಿಯೊಳಗೆ ಸೇರುವ ವಸ್ತು ಇದು. ಅದರಲ್ಲೂ ನಮ್ಮ ಮನೆಗಳಲ್ಲಿ ಯಂತ್ರ ನಿಲ್ಲುವುದು ಹಿತ್ತಲ ಜಗಲಿಯಲ್ಲಿ, ಕೊಟ್ಟಿಗೆಯ ಪಕ್ಕದಲ್ಲಿ, ಸದಾ ಒದ್ದೆಯಾಗಿರುವ ನೆಲದ ಮೇಲೆ. ಹಾಗಾಗಿ ಕಂಪೆನಿಯ ಪುಸ್ತಕದಲ್ಲಿ ಇಲ್ಲದ ಕೆಲವು ಮಾತುಗಳನ್ನೂ ಇಲ್ಲಿ ಹೇಳಬೇಕಾಗಿದೆ.

ಮೊದಲು ವಾರಂಟಿ ಕಾರ್ಡನ್ನು ಓದಿ. ಕಂಪೆನಿಯವರೇ ಕೂರಿಸಬೇಕೆಂಬ ಷರತ್ತು ಅದರಲ್ಲಿದ್ದರೆ ತಡವಾದರೂ ಕಾಯುವುದೇ ಲೇಸು. ಕಾಯುವ ದಿನಗಳಲ್ಲಿ ಜಾಗ, ನೀರು, ವೈರಿಂಗ್ ಸಿದ್ಧ ಮಾಡಿಟ್ಟುಕೊಳ್ಳಬಹುದು. ಬರುವ ಮೆಕ್ಯಾನಿಕ್ ಸಾಮಾನ್ಯವಾಗಿ ಈ ಮೂರನ್ನು ಮಾಡಿಕೊಡುವುದಿಲ್ಲ, ಇದ್ದಲ್ಲಿಗೇ ಜೋಡಿಸಿ ಹೋಗುತ್ತಾನೆ. ಬಿಲ್ಲಿನಲ್ಲಿ ಯಂತ್ರದ ಸರಣಿ ಸಂಖ್ಯೆ ಬರೆದಿದೆಯೇ ನೋಡಿ, ಬಿಲ್ಲನ್ನು ಜೋಪಾನವಾಗಿಡಿ.

ಮೂರು ಬಗೆಯ ಯಂತ್ರ

ಎರಡು ತೊಟ್ಟಿಯ ಸೆಮಿ ಆಟೋಮ್ಯಾಟಿಕ್ ಯಂತ್ರ ಹಗುರ. ಬಕೆಟ್ಟಿನಲ್ಲಿ ನೀರು ಹೊಯ್ದರೂ ಕೆಲಸ ಮಾಡುತ್ತದೆ, ಮಧ್ಯೆ ಕರೆಂಟು ಹೋದರೂ ಬಟ್ಟೆಯನ್ನು ತೆಗೆದುಕೊಳ್ಳಬಹುದು. ನಲ್ಲಿ ನೀರು ನಂಬಲಾಗದ ಊರಿಗೆ ಇದೇ ಸರಿ ಎಂಬುದು ನನ್ನ ಅಭಿಪ್ರಾಯ. ಅಂಗಡಿಯವರು ಮಾತ್ರ ಒಪ್ಪಲಾರರು. ಮೇಲಿನಿಂದ ಬಟ್ಟೆ ಹಾಕುವ ಪೂರ್ಣ ಆಟೋಮ್ಯಾಟಿಕ್ ಎರಡನೆಯದು. ಮುಂದಿನ ಗಾಜಿನ ಬಾಗಿಲಿನಿಂದ ಹಾಕುವ ಫ್ರಂಟ್ ಲೋಡ್ ಮೂರನೆಯದು. ಇದು ನೀರನ್ನು ಕಡಿಮೆ ಬಳಸುತ್ತದೆ, ಒಳಗೇ ನೀರನ್ನು ಬಿಸಿ ಮಾಡುತ್ತದೆ, ಬಟ್ಟೆ ಚೆನ್ನಾಗಿ ಒಗೆಯುತ್ತದೆ. ಆದರೆ ಕೂರಿಸುವಾಗ ಹೆಚ್ಚು ಜಾಗ್ರತೆ ಬೇಡುವುದೂ ಇದೇ.

ಫ್ರಂಟ್ ಲೋಡ್ ಯಂತ್ರ 60 ರಿಂದ 75 ಕಿಲೋ ತೂಗುತ್ತದೆ. ಇಷ್ಟು ಭಾರ ಏಕೆಂದರೆ, ಡ್ರಮ್ ವೇಗವಾಗಿ ತಿರುಗುವಾಗ ಯಂತ್ರ ಕುಣಿಯದಿರಲೆಂದು ಒಳಗೆ ಕಾಂಕ್ರೀಟಿನ ಅಥವಾ ಎರಕದ ಕಬ್ಬಿಣದ ತೂಕದ ದಿಮ್ಮಿ ಕಟ್ಟಿರುತ್ತಾರೆ. ಇದನ್ನು ಒಬ್ಬರೇ ಎತ್ತಬಾರದು, ಬಾಗಿಲು ಹಿಡಿದು ಎಳೆಯಬಾರದು, ಅಡ್ಡ ಮಲಗಿಸಬಾರದು. ಅಗಲ ಸುಮಾರು 60 ಸೆಂಟಿಮೀಟರ್, ಅಂದರೆ ಎರಡು ಅಡಿ. ಹಳೆಯ ಮನೆಗಳ ಹಿತ್ತಲ ಬಾಗಿಲು ಕೆಲವೊಮ್ಮೆ ಇಷ್ಟು ಅಗಲ ಇರುವುದಿಲ್ಲ. ತರುವ ಮೊದಲು ದಾರದಲ್ಲಿ ಅಳೆದುಕೊಂಡು ಹೋಗಿ.

ಸಾಗಣೆಯ ಬೋಲ್ಟುಗಳು

ಇದನ್ನು ದಪ್ಪ ಅಕ್ಷರದಲ್ಲಿ ಮುದ್ರಿಸಿದರೂ ಸಾಲದು. ಫ್ರಂಟ್ ಲೋಡ್ ಯಂತ್ರದಲ್ಲಿ ಡ್ರಮ್ಮಿನ ತೊಟ್ಟಿ ಸ್ಪ್ರಿಂಗುಗಳ ಮೇಲೆ ತೂಗಾಡುತ್ತಿರುತ್ತದೆ. ಲಾರಿಯಲ್ಲಿ ಬರುವಾಗ ಅದು ಬಡಿದಾಡಬಾರದೆಂದು ಹಿಂಭಾಗದಲ್ಲಿ ಮೂರು ಅಥವಾ ನಾಲ್ಕು ಉದ್ದ ಬೋಲ್ಟುಗಳಿಂದ ಬಿಗಿದಿರುತ್ತಾರೆ. ಇವುಗಳನ್ನು ಬಿಚ್ಚದೆ ಯಂತ್ರ ಓಡಿಸಿದರೆ ಸ್ಪ್ರಿಂಗಿಗೆ ಕೆಲಸವಿಲ್ಲದೆ, ಡ್ರಮ್ಮಿನ ಅದುರಾಟವೆಲ್ಲ ಇಡೀ ಮೈಗೆ ಹರಡುತ್ತದೆ. ನಮ್ಮ ನೆಂಟರ ಮನೆಯಲ್ಲಿ ನಾನೇ ನಿಂತು ಕೂರಿಸಿದ ಯಂತ್ರದಲ್ಲಿ ನಾಲ್ಕರ ಪೈಕಿ ಒಂದು ಬೋಲ್ಟು ಉಳಿದುಹೋಗಿತ್ತು. ಮೂಲೆಯದು ಕತ್ತಲಲ್ಲಿ ಕಾಣಲಿಲ್ಲ. ಹಿಂಡುವ ಹೊತ್ತಿಗೆ ಯಂತ್ರ ಗುಡುಗುಡು ಎನ್ನುತ್ತ ಗೋಡೆಯಿಂದ ಒಂದು ಗೇಣು ಮುಂದೆ ನಡೆದು ಬಂತು. ಅಜ್ಜಿ ದೇವರ ಕೋಣೆಗೆ ಓಡಿದರು. ಅದೃಷ್ಟಕ್ಕೆ ಬೇರಿಂಗು ಉಳಿಯಿತು.

ಆದ್ದರಿಂದ ಪುಸ್ತಕದಲ್ಲಿ ಎಷ್ಟು ಬೋಲ್ಟು ಎಂದಿದೆಯೋ ಅಷ್ಟು ಕೈಗೆ ಬಂದಿವೆಯೇ ಎಣಿಸಿ. ಅವುಗಳ ಜೊತೆಗಿರುವ ರಬ್ಬರ್ ಅಥವಾ ಪ್ಲಾಸ್ಟಿಕ್ ತುಂಡುಗಳನ್ನೂ ಎಳೆದು ತೆಗೆದು, ಆ ತೂತುಗಳಿಗೆ ಕೊಟ್ಟಿರುವ ಮುಚ್ಚಳ ಹಾಕಿ. ಇಲ್ಲದಿದ್ದರೆ ಜಿರಲೆ, ಇಲಿ ಒಳಹೊಗಲು ದಾರಿಯಾಗುತ್ತದೆ. ಮೇಲಿನಿಂದ ಹಾಕುವ ಯಂತ್ರಗಳಲ್ಲಿ ಬೋಲ್ಟಿಗೆ ಬದಲು ತೊಟ್ಟಿಯ ಒಳಗೆ ಅಥವಾ ತಳದಲ್ಲಿ ಥರ್ಮೋಕೋಲ್ ತುಂಡು ಇರಬಹುದು. ಅದನ್ನೂ ತೆಗೆಯತಕ್ಕದ್ದು.

ನೆಲ ಮತ್ತು ಮಟ್ಟ

ಸಾರಿಸಿದ ಮಣ್ಣಿನ ನೆಲ ಈ ಯಂತ್ರಕ್ಕೆ ಆಗುವುದಿಲ್ಲ. ಶಹಾಬಾದ್ ಅಥವಾ ಕಡಪ ಕಲ್ಲು ಹಾಸಿದ್ದರೆ ಆಗುತ್ತದೆ, ಆದರೆ ಕಲ್ಲು ಅಲುಗದಂತೆ ಕೂತಿರಬೇಕು ಮತ್ತು ಯಂತ್ರದ ಕಾಲು ಎರಡು ಕಲ್ಲುಗಳ ಸಂದಿನ ಮೇಲೆ ಬರಬಾರದು. ಹಿತ್ತಲಲ್ಲಿ ಇಡುವುದಾದರೆ ಒಂದು ಗೇಣು ಎತ್ತರದ ಗಟ್ಟಿ ಸಿಮೆಂಟ್ ಕಟ್ಟೆ ಕಟ್ಟಿಸಿಕೊಳ್ಳುವುದು ಉತ್ತಮ. ಕೊಟ್ಟಿಗೆ ತೊಳೆದ ನೀರು, ಗಂಜಲ ಯಂತ್ರದ ತಳಕ್ಕೆ ತಾಗುವುದಿಲ್ಲ. ಗಂಜಲ ತಗಲಿದ ಕಬ್ಬಿಣ ಎಷ್ಟು ಬೇಗ ತುಕ್ಕು ಹಿಡಿಯುತ್ತದೆಂಬುದು ಕೊಟ್ಟಿಗೆಯ ಕಂಬಗಳನ್ನು ನೋಡಿದವರಿಗೆ ಹೇಳಬೇಕಾಗಿಲ್ಲ. ಮಳೆ ಎರಚಲು, ನೇರ ಬಿಸಿಲು ಎರಡೂ ಬೀಳದ ಮರೆ ಇರಲಿ. ಅಂಗಡಿಯಲ್ಲಿ ಕೊಡುವ ಗಾಲಿ ಸ್ಟ್ಯಾಂಡಿನ ಮೇಲೆ ಫ್ರಂಟ್ ಲೋಡ್ ಯಂತ್ರವನ್ನು ಕೂರಿಸಬೇಡಿ.

ಕಾಲುಗಳನ್ನು ತಿರುಗಿಸಿ ಎತ್ತರ ಹೊಂದಿಸಬಹುದು. ಮಟ್ಟಗೋಲು ಇಲ್ಲದಿದ್ದರೆ ಅಂಚಿನ ತಟ್ಟೆಯಲ್ಲಿ ನೀರು ಹಾಕಿ ಯಂತ್ರದ ತಲೆಯ ಮೇಲಿಟ್ಟು ನೋಡಿ. ಆಮೇಲೆ ಎದುರು ಬದುರು ಮೂಲೆಗಳನ್ನು ಅಂಗೈಯಿಂದ ಒತ್ತಿ. ಸ್ವಲ್ಪ ಕುಂಟಿದರೂ ಕಾಲನ್ನು ಮತ್ತೆ ಸರಿಪಡಿಸಿ, ಕೊನೆಗೆ ಕಾಲಿನ ಮೇಲಿರುವ ಬಿಗಿ ನಟ್ಟನ್ನು ಬಿಗಿಯಿರಿ. ಈ ನಟ್ಟು ಬಿಗಿಯದೆ ಬಿಟ್ಟರೆ ಹತ್ತು ಒಗೆತದೊಳಗೆ ಕಾಲು ತಾನೇ ಸಡಿಲವಾಗುತ್ತದೆ.

ನೀರು ಬರುವ ದಾರಿ

ಪೂರ್ಣ ಆಟೋಮ್ಯಾಟಿಕ್ ಯಂತ್ರಕ್ಕೆ ನೀರಿನ ಒತ್ತಡ ಬೇಕು. ಎಷ್ಟು ಬೇಕೆಂದು ಪುಸ್ತಕದಲ್ಲಿ ಬಾರ್ ಲೆಕ್ಕದಲ್ಲೋ ಮೆಗಾ ಪಾಸ್ಕಲ್ ಲೆಕ್ಕದಲ್ಲೋ ಬರೆದಿರುತ್ತಾರೆ. 0.03 ಮೆಗಾ ಪಾಸ್ಕಲ್ ಎಂದರೆ 0.3 ಬಾರ್. ಲೆಕ್ಕ ಸುಲಭ: ಟ್ಯಾಂಕಿನ ತಳದಿಂದ ಯಂತ್ರದ ನಲ್ಲಿಯವರೆಗೆ 10 ಮೀಟರ್ ಎತ್ತರವಿದ್ದರೆ ಹೆಚ್ಚುಕಡಿಮೆ 1 ಬಾರ್ ಒತ್ತಡ. ಒಂದು ಮೀಟರಿಗೆ 0.1. ಈಗ ನಿಮ್ಮ ಮನೆ ನೋಡಿ. ಆರ್.ಸಿ.ಸಿ. ಸೂರು 10 ಅಡಿ, ಟ್ಯಾಂಕು ಸೂರಿನ ಮೇಲೇ ಕೂತಿದೆ, ಯಂತ್ರದ ನಲ್ಲಿ ನೆಲದಿಂದ 3 ಅಡಿ. ಉಳಿಯುವುದು 7 ಅಡಿ, ಅಂದರೆ ಸುಮಾರು 0.2 ಬಾರ್. 0.3 ಬೇಡುವ ಯಂತ್ರಕ್ಕೆ ಇದು ಸಾಲದು. ನೀರು ತುಂಬುತ್ತಲೇ ಇರುತ್ತದೆ, ಕೊನೆಗೆ ಯಂತ್ರ ತಪ್ಪು ಸಂಕೇತ ತೋರಿಸಿ ನಿಂತುಬಿಡುತ್ತದೆ. ಯಂತ್ರವೇ ಕೆಟ್ಟಿದೆ ಎಂದು ದೂರು ಬರೆಯುವವರ ಮನೆಯಲ್ಲಿ ಮೊದಲು ನೋಡಬೇಕಾದ್ದು ಇದನ್ನೇ.

ಪರಿಹಾರ, ಟ್ಯಾಂಕನ್ನು ಐದು ಅಡಿ ಎತ್ತರಿಸುವುದು ಅಥವಾ ಒತ್ತಡದ ಚಿಕ್ಕ ಪಂಪು ಹಾಕಿಸುವುದು. ಎತ್ತರಿಸುವಾಗ 500 ಲೀಟರ್ ನೀರೆಂದರೆ 500 ಕಿಲೋ ಭಾರ ಎಂಬುದನ್ನು ಮರೆಯದೆ, ಸ್ಟ್ಯಾಂಡಿನ ಕಾಲುಗಳು ಗೋಡೆಯ ಮೇಲೆ ಬರುವಂತೆ ಮಾಡಿಸಿ, ಸೂರಿನ ನಡುಮಧ್ಯೆ ಬೇಡ.

ಯಂತ್ರದ ಕೊಳವೆಗೆ ಮುಕ್ಕಾಲು ಇಂಚಿನ ಮರೆಯಿರುವ ನಲ್ಲಿ ಬೇಕು. ಕೊಳವೆಯ ತುದಿಯಲ್ಲಿ ರಬ್ಬರ್ ವಾಷರ್ ಇದೆಯೇ ನೋಡಿ ಕೈಯಲ್ಲೇ ಬಿಗಿಯಿರಿ. ಸ್ಪ್ಯಾನರಿನಲ್ಲಿ ಜೋರಾಗಿ ತಿರುಗಿಸಿದರೆ ಪ್ಲಾಸ್ಟಿಕ್ ಮರೆ ಸೀಳುತ್ತದೆ. ನೀರು ಒಳಬರುವ ಕಡೆ ಒಂದು ಸಣ್ಣ ಜಾಲರಿ ಇರುತ್ತದೆ. ಬೋರ್‌ವೆಲ್ಲಿನ ಮರಳು ಬಂದು ಕೂರುವುದು ಅಲ್ಲಿ. ತಿಂಗಳಿಗೊಮ್ಮೆ ನಲ್ಲಿ ಮುಚ್ಚಿ ಅದನ್ನು ತೊಳೆಯಿರಿ.

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯ ಆಳದ ಬೋರ್‌ವೆಲ್ ನೀರಿನ ಗಡಸುತನ ನಿಮಗೆ ತಿಳಿದದ್ದೇ. ಸೋಪು ನೊರೆ ಬಾರದು, ಅನ್ನದ ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುತ್ತದೆ. ಅದೇ ಪೊರೆ ಯಂತ್ರದ ಹೀಟರಿನ ಮೇಲೂ ಕಟ್ಟುತ್ತದೆ. ಕಂಪೆನಿ ಹೇಳಿದ ಅವಧಿಗೆ ಪೊರೆ ಕಳೆಯುವ ಪುಡಿ ಹಾಕಿ ಖಾಲಿ ಓಡಿಸಬೇಕು. ನೀರಿನಲ್ಲಿ ಕಬ್ಬಿಣದ ಅಂಶವಿದ್ದು ಕೆಂಪಗೆ ಕಲೆ ಬೀಳುತ್ತಿದ್ದರೆ ಬ್ಲೀಚಿಂಗ್ ದ್ರವ ಹಾಕಬೇಡಿ. ಕಲೆ ಇನ್ನೂ ಗಟ್ಟಿಯಾಗುತ್ತದೆ.

ಹೊರಹೋಗುವ ನೀರು

ಫ್ರಂಟ್ ಲೋಡ್ ಯಂತ್ರ ಪಂಪಿನಿಂದ ನೀರನ್ನು ಮೇಲೆತ್ತಿ ಹೊರಗೆ ಹಾಕುತ್ತದೆ. ಆದ್ದರಿಂದ ಅದರ ಹೊರ ಕೊಳವೆಯ ಬಾಯಿ ನೆಲದಿಂದ ಎರಡರಿಂದ ಮೂರು ಅಡಿ ಎತ್ತರದಲ್ಲಿರಬೇಕು. ನೆಲಕ್ಕೇ ಬಿಟ್ಟರೆ ಒಳಗೆ ತುಂಬಿದ ನೀರು ತಾನಾಗಿ ಹರಿದು ಹೋಗುತ್ತಲೇ ಇರುತ್ತದೆ, ಪೀಪಾಯಿಯಿಂದ ಸೀಮೆಎಣ್ಣೆ ಟ್ಯೂಬಿನಲ್ಲಿ ಇಳಿಸುತ್ತಿದ್ದೆವಲ್ಲ, ಹಾಗೆ. ಸೆಮಿ ಆಟೋಮ್ಯಾಟಿಕ್ಕಿನಲ್ಲಿ ಸಾಮಾನ್ಯವಾಗಿ ಪಂಪು ಇರುವುದಿಲ್ಲ, ಅದರ ಕೊಳವೆ ನೆಲಕ್ಕೇ ಬೀಳಬೇಕು. ಎರಡನ್ನೂ ಅದಲು ಬದಲು ಮಾಡಿ ತೊಂದರೆಪಟ್ಟವರಿದ್ದಾರೆ.

ಆ ನೀರು ಎಲ್ಲಿಗೆ ಹೋಗುತ್ತದೆಂಬುದು ನಮಗೆ ಇನ್ನೂ ಮುಖ್ಯ. ಗೋಬರ್ ಗ್ಯಾಸ್ ಗುಂಡಿಗೆ ಬಿಡಲೇಬೇಡಿ. ಸಗಣಿಯಿಂದ ಅನಿಲ ಮಾಡುವ ಸೂಕ್ಷ್ಮಜೀವಿಗಳು ಡಿಟರ್ಜೆಂಟಿಗೆ ಸಾಯುತ್ತವೆ, ಒಲೆ ಆರುತ್ತದೆ. ಕಲಗಚ್ಚಿನ ಬಾನಿ, ದನ ಕುಡಿಯುವ ತೊಟ್ಟಿಯ ಸಮೀಪವೂ ಹರಿಯದಂತೆ ನೋಡಿಕೊಳ್ಳಿ. ಬಾಳೆ, ತೆಂಗಿನ ಪಾತಿಗೆ ಹಾಯಿಸುವುದು ವಾಡಿಕೆ. ಆದರೆ ಒಂದೇ ಗಿಡಕ್ಕೆ ದಿನವೂ ಬಿಟ್ಟರೆ ಸೋಡಾ ಸೇರಿ ಮಣ್ಣು ಗಟ್ಟಿಯಾಗುತ್ತದೆ. ಸರದಿಯ ಮೇಲೆ ಬೇರೆ ಬೇರೆ ಪಾತಿಗೆ ತಿರುಗಿಸಿ, ಕೊನೆಯ ಜಾಲಿಸಿದ ನೀರನ್ನು ಮಾತ್ರ ಬಿಟ್ಟರೆ ಇನ್ನೂ ಒಳ್ಳೆಯದು.

ಕರೆಂಟು ಮತ್ತು ಅರ್ಥಿಂಗ್

ಈ ಲೇಖನ ಬರೆಯಲು ಮುಖ್ಯ ಕಾರಣವೇ ಈ ಭಾಗ. ಮೇಲಿನದೆಲ್ಲ ತಪ್ಪಿದರೆ ಹಣ ಹೋಗುತ್ತದೆ, ಇದು ತಪ್ಪಿದರೆ ಜೀವ ಹೋಗುತ್ತದೆ.

ನೀರು ಬಿಸಿ ಮಾಡುವ ಯಂತ್ರ 2000 ವ್ಯಾಟ್ ಎಳೆದರೆ 230 ವೋಲ್ಟಿನಲ್ಲಿ ಸುಮಾರು 9 ಆಂಪಿಯರ್ ಆಯಿತು. ಅದಕ್ಕೆ 16 ಆಂಪಿಯರಿನ ದೊಡ್ಡ ಸಾಕೆಟ್ಟು, ಮೀಟರ್ ಬೋರ್ಡಿನಿಂದ ನೇರ ಎಳೆದ 2.5 ಚದರ ಮಿಲಿಮೀಟರಿನ ತಾಮ್ರದ ತಂತಿ ಬೇಕು. ಟಿ.ವಿ.ಯ ಎಕ್ಸ್‌ಟೆನ್ಷನ್ ಬೋರ್ಡಿಗೆ ಚುಚ್ಚಬಾರದು. ಮನೆಯ ಯು.ಪಿ.ಎಸ್. ಮೇಲೆ ನಡೆಸಬಾರದು. ನಿರಂತರ ಜ್ಯೋತಿ ಯೋಜನೆಯಲ್ಲಿ ಪಂಪ್‌ಸೆಟ್ಟಿನ ಲೈನು ಬೇರೆಯಾದ ಊರುಗಳಲ್ಲಿ ವೋಲ್ಟೇಜು ಸುಧಾರಿಸಿದೆ. ಆದರೂ ಸಂಜೆ ಬಲ್ಬು ಮಂಕಾಗುವ ಊರಾದರೆ ಒಗೆಯುವುದನ್ನು ಹಗಲಿಗೆ ಇಟ್ಟುಕೊಳ್ಳಿ.

ಇನ್ನು ಮೂರನೆಯ ಪಿನ್ನು. ಪ್ಲಗ್ಗಿನಲ್ಲಿ ಅದು ಉದ್ದವಾಗಿ ಇರುವುದು ಮೊದಲು ಅದೇ ತಾಗಲಿ ಎಂದು. ಒಳಗಿನ ತಂತಿ ಬಿಟ್ಟು ಯಂತ್ರದ ಮೈಗೆ ತಾಗಿದರೆ, ಕರೆಂಟು ಆ ಪಿನ್ನಿನ ಮೂಲಕ ಭೂಮಿಗೆ ಹೋಗಬೇಕು, ನಿಮ್ಮ ಮೂಲಕ ಅಲ್ಲ. ಆದರೆ ಎಷ್ಟೋ ಹಳ್ಳಿ ಮನೆಗಳಲ್ಲಿ ಆ ಪಿನ್ನಿನ ಹಿಂದೆ ತಂತಿಯೇ ಇಲ್ಲ. ಇನ್ನು ಕೆಲವೆಡೆ ಹಿಂದೆ ಕಬ್ಬಿಣದ ನೀರಿನ ಪೈಪಿಗೆ ಹಸಿರು ತಂತಿ ಸುತ್ತಿದ್ದರು. ಆ ಪೈಪು ತೆಗೆದು ಪಿ.ವಿ.ಸಿ. ಹಾಕಿದ ದಿನವೇ ಅರ್ಥಿಂಗ್ ಹೋಯಿತು, ಯಾರೂ ಗಮನಿಸಲಿಲ್ಲ. ಮತ್ತೂ ಕೆಟ್ಟದ್ದೆಂದರೆ, ಸಾಕೆಟ್ಟಿನೊಳಗೆ ಅರ್ಥ್ ಪಿನ್ನಿಗೆ ನ್ಯೂಟ್ರಲ್ಲನ್ನೇ ತುಂಡು ತಂತಿಯಿಂದ ಜೋಡಿಸುವುದು. ಎಲ್ಲೋ ನ್ಯೂಟ್ರಲ್ ಕಡಿದರೆ, ಸ್ವಿಚ್ಚು ಹಾಕಿದ ಕ್ಷಣ ಯಂತ್ರದ ಇಡೀ ಮೈಗೆ 230 ವೋಲ್ಟ್ ಬರುತ್ತದೆ. ಒದ್ದೆ ಕಾಲಿನಲ್ಲಿ ನಿಂತು ಮುಚ್ಚಳ ತೆರೆಯುವ ಹೆಣ್ಣುಮಗಳ ಗತಿ ಏನು?

ನಮ್ಮ ಮನೆಗಳಲ್ಲಿ ಇನ್ನೊಂದು ಅಪಾಯವಿದೆ. ಕೊಟ್ಟಿಗೆಯ ಕಬ್ಬಿಣದ ಕಂಬಕ್ಕೋ, ಗೋದಲಿಯ ಪೈಪಿಗೋ ಅರ್ಥ್ ತಂತಿ ಸುತ್ತಿಬಿಡುವುದು. ಮೆಷಿನ್ನಿನಲ್ಲಿ ಸೋರಿದ ಕರೆಂಟು ಆಗ ಹಸುವಿನ ಮೂಗಿಗೆ ಬರುತ್ತದೆ. ಹಸು ನಾಲ್ಕು ಬರಿಗೊರಸಿನ ಮೇಲೆ ಒದ್ದೆ ನೆಲದಲ್ಲಿ ನಿಂತಿರುತ್ತದೆ, ಮನುಷ್ಯನಿಗೆ ಗೊತ್ತೇ ಆಗದಷ್ಟು ಸಣ್ಣ ವೋಲ್ಟೇಜು ಅದಕ್ಕೆ ತಿಳಿಯುತ್ತದೆ. ತೊಟ್ಟಿಯ ಹತ್ತಿರ ಬಂದು ಮೂಗು ತಾಗಿಸಿ ಹಿಂದೆ ಸರಿಯುವುದು, ನೀರು ಕಡಿಮೆ ಕುಡಿಯುವುದು, ಕರೆಯುವಾಗ ಕಾಲೆತ್ತುವುದು, ತೊರೆ ಬಿಡದಿರುವುದು ಇವೆಲ್ಲ ಕಂಡರೆ ದೃಷ್ಟಿ ತೆಗೆಯುವ ಮೊದಲು ಮೆಯಿನ್ ಸ್ವಿಚ್ಚು ತೆಗೆದು ನೋಡಿ. ಹೆಚ್ಚು ಸೋರಿದರೆ ಕೊಟ್ಟಿಗೆಯ ಹಸು ನಿಂತಲ್ಲೇ ಬೀಳುತ್ತದೆ.

ಆದ್ದರಿಂದ ಪರವಾನಗಿ ಇರುವ ಎಲೆಕ್ಟ್ರಿಷಿಯನ್ನನ್ನು ಕರೆಸಿ ಪ್ರತ್ಯೇಕ ಅರ್ಥಿಂಗ್ ಹಾಕಿಸಿ. ಇಷ್ಟನ್ನು ಮಾತ್ರ ನೀವೇ ಮಾಡಬೇಡಿ. ಕನಿಷ್ಠ 2.5 ಮೀಟರ್ ಉದ್ದದ ಜಿ.ಐ. ಪೈಪು, ಸುತ್ತ ಇದ್ದಿಲು ಮತ್ತು ಉಪ್ಪು, ಮನೆಯ ಗೋಡೆಯಿಂದ 1.5 ಮೀಟರಿಗಿಂತ ದೂರ. ದನ ಕಟ್ಟುವ ಜಾಗದಿಂದ ಇನ್ನೂ ದೂರವಿರಲಿ. ಬೇಸಿಗೆಯಲ್ಲಿ ಮಣ್ಣು ಒಣಗಿದರೆ ಅರ್ಥಿಂಗ್ ಕೆಲಸ ಮಾಡದು, ವಾರಕ್ಕೊಂದು ಬಿಂದಿಗೆ ನೀರು ಹಾಕಿ.

ಅಷ್ಟರಿಂದಲೇ ಮುಗಿಯಲಿಲ್ಲ. ಒಣ ನೆಲದಲ್ಲಿ ಅರ್ಥಿಂಗಿನ ತಡೆ 20 ಓಮ್ ಇದೆಯೆನ್ನಿ. 230ನ್ನು 20ರಿಂದ ಭಾಗಿಸಿದರೆ 11.5 ಆಂಪಿಯರ್. 16 ಆಂಪಿಯರಿನ ಎಂ.ಸಿ.ಬಿ. ಇದಕ್ಕೆ ಬೀಳುವುದೇ ಇಲ್ಲ! ಯಂತ್ರದ ಮೈಯಲ್ಲಿ ಕರೆಂಟು ಹಾಗೇ ನಿಂತಿರುತ್ತದೆ. ಇದಕ್ಕಾಗಿಯೇ 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ. ಎಂಬ ಸ್ವಿಚ್ಚು ಬೇಕೇ ಬೇಕು. ಹೋದ ಕರೆಂಟಿಗೂ ಹಿಂದಿರುಗಿದ ಕರೆಂಟಿಗೂ ಅಷ್ಟು ವ್ಯತ್ಯಾಸ ಬಂದರೆ ಸೆಕೆಂಡಿನ ಒಂದು ಭಾಗದಲ್ಲಿ ಅದು ಕಡಿದುಬಿಡುತ್ತದೆ. ಅದರ ಮೇಲೆ ‘ಟೆಸ್ಟ್’ ಎಂಬ ಗುಂಡಿ ಇರುತ್ತದೆ. ತಿಂಗಳಿಗೊಮ್ಮೆ ಒತ್ತಿ, ಬೀಳದಿದ್ದರೆ ಬದಲಿಸಿ. ಯಂತ್ರದ ಬೆಲೆಯ ಮುಂದೆ ಇದರ ಬೆಲೆ ಏನೂ ಅಲ್ಲ.

ಎಲೆಕ್ಟ್ರಿಷಿಯನ್ ಬಲ್ಬು ಹಚ್ಚಿ ಅರ್ಥಿಂಗ್ ತೋರಿಸಿದರೆ ಅಷ್ಟಕ್ಕೇ ತೃಪ್ತರಾಗಬೇಡಿ. ಒಳಗೆ ನ್ಯೂಟ್ರಲ್ ಜೋಡಿಸಿದ್ದರೂ ಬಲ್ಬು ಹತ್ತುತ್ತದೆ. ಸಾಕೆಟ್ಟು ಬಿಚ್ಚಿಸಿ, ಹಸಿರು ತಂತಿ ಹೊರಗಿನ ಗುಂಡಿಯವರೆಗೆ ಹೋಗಿರುವುದನ್ನು ಕಣ್ಣಾರೆ ನೋಡಿ.

ಮೊದಲ ಒಗೆತ

ಮೊದಲ ಬಾರಿ ಬಟ್ಟೆ ಹಾಕದೆ ಓಡಿಸಿ. ನಲ್ಲಿಯನ್ನು ನಿಧಾನವಾಗಿ ತೆರೆದು, ಕೊಳವೆಯ ಎರಡೂ ತುದಿಗಳನ್ನು ಒಣ ಕೈಯಿಂದ ಮುಟ್ಟಿ ತೇವವಿದೆಯೇ ನೋಡಿ. ಹಿಂಡುವ ಹಂತದವರೆಗೂ ಹತ್ತಿರವೇ ಇರಿ. ಡ್ರಮ್ಮಿನಲ್ಲಿ ಸ್ವಲ್ಪ ನೀರು ಮೊದಲೇ ಇದ್ದರೆ ಹಳೆಯ ಯಂತ್ರ ಕೊಟ್ಟರೆಂದು ಜಗಳಕ್ಕೆ ಹೋಗಬೇಡಿ, ಕಾರ್ಖಾನೆಯಲ್ಲಿ ಪರೀಕ್ಷಿಸಿದ ನೀರು ಅದು. ಒಗೆದಾದ ಮೇಲೆ ಪ್ರತಿ ಸಲವೂ ನಲ್ಲಿ ಮುಚ್ಚಿ, ಪ್ಲಗ್ ತೆಗೆಯಿರಿ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಬಾಗಿಲು ಮುಚ್ಚಿಯೇ ಇರಲಿ, ಆಟಕ್ಕೆ ಒಳಗೆ ಇಳಿಯುತ್ತಾರೆ. ತಳ ತೆರೆದಿರುವ ಯಂತ್ರಕ್ಕೆ ಇಲಿ ಜಾಲರಿ ಹಾಕಿಸಿ. ಮೇವಿನ ಮನೆ ಪಕ್ಕದಲ್ಲಿದ್ದರೆ ಇಲಿ ತಂತಿ ಕಡಿಯುವುದು ಖಂಡಿತ.

ಕೊಟ್ಟಿಗೆಯ ಬಟ್ಟೆಯನ್ನು ನೇರ ಯಂತ್ರಕ್ಕೆ ಹಾಕುವುದು ಬೇಡ. ಸಗಣಿ, ಹುಲ್ಲಿನ ಚೂರು, ದನದ ಕೂದಲನ್ನು ಹೊರಗೇ ಕೊಡವಿ, ಒಮ್ಮೆ ನೀರಿನಲ್ಲಿ ಜಾಲಿಸಿ ಹಾಕಿ. ಇಲ್ಲದಿದ್ದರೆ ಫ್ರಂಟ್ ಲೋಡಿನ ಮುಂಭಾಗದ ತಳದಲ್ಲಿರುವ ಸೋಸುಕ ವಾರದಲ್ಲೇ ಕಟ್ಟುತ್ತದೆ. ಕೆಚ್ಚಲು ಒರೆಸುವ ಬಟ್ಟೆಗಳನ್ನು ಬೇರೆಯಾಗಿ, ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿ. ಕರು ಹಾಕಿಸುವಾಗ, ಕಸ ತೆಗೆಯುವಾಗ ಉಟ್ಟಿದ್ದ ಬಟ್ಟೆಯನ್ನು, ಅದರಲ್ಲೂ ಹಸು ಕಂದು ಹಾಕಿದ್ದರೆ, ಮನೆಯವರ ಬಟ್ಟೆಯ ಜೊತೆ ಎಂದೂ ಸೇರಿಸಬಾರದು. ಬ್ರೂಸೆಲ್ಲಾ ರೋಗ ಮನುಷ್ಯರಿಗೆ ಬರುವುದು ಇಂತಹ ಸ್ರಾವದಿಂದಲೂ ಹೌದು. ಅದನ್ನು ಕೈಚೀಲ ಹಾಕಿಕೊಂಡು ಕ್ರಿಮಿನಾಶಕದಲ್ಲಿ ನೆನೆಸಿ, ಕುದಿಯುವ ನೀರಿನಲ್ಲಿ ಬೇರೆಯೇ ಒಗೆಯಿರಿ.

ಬಿಚ್ಚಿದ ಸಾಗಣೆಯ ಬೋಲ್ಟುಗಳನ್ನು ಬಟ್ಟೆಯ ಗಂಟು ಕಟ್ಟಿ ಬಿಲ್ಲಿನ ಜೊತೆ ಪೆಟ್ಟಿಗೆಯಲ್ಲಿಡಿ. ಮುಂದೆ ಹೊಸ ಮನೆಗೆ ಯಂತ್ರವನ್ನು ಟ್ರ್ಯಾಕ್ಟರಿನಲ್ಲಿ ಸಾಗಿಸುವ ದಿನ ಅವು ಮತ್ತೆ ಬೇಕಾಗುತ್ತವೆ.